ಎತ್ತಿನ ಹಣೆಗೆ ಬಾಸಿಂಗ

"ಇದಕ್ಕ ಮನಿ ಅಂತಾರೋ ತಿಪ್ಪಿ ಅಂತಾರೋ ನೀನ ಹೇಳವಾ!"

ರುಕ್ಮವ್ವ ಕಸಬರಿಗೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಕೇಳಿದಳು. ಕೇಳುವಂತೆಯೇ ಇತ್ತು ಬಿಡಿ. ಪಡಸಾಲೆಯ ಮೂಲೆಯಲ್ಲಿ ಮಗಳು ಸಾವಕ್ಕ ಹರವಿಕೊಂಡು ಕೂತಿದ್ದ ಸಾಮಾನು ಒಂದೇ ಎರಡೇ? ತಳ ಹರಿದ ಸಾಣಿಗೆ, ತುಕ್ಕು ಹಿಡಿದ ಗ್ಯಾಸಲೆಣ್ಣೆ ಡಬ್ಬಿ, ಒಡೆದ ಕಂದೀಲಿನ ಎರಡು ತಗಡಿನ ಮುಚ್ಚಳ, ಗೋಣಿತಟ್ಟಿನ ಚಿಂದಿ, ಅಪ್ಪನ ಅಂಗಡಿಯಲ್ಲಿ ಕತ್ತರಿಸಿ ಉಳಿದ ಹಗ್ಗದ ತುಂಡುಗಳು. ಇದರ ನಡುವೆ ಒಂದು ಗಡಿಗೆಯಲ್ಲಿ ಹುಣಸೆಬೀಜದ ಅಂಟು ಬೇರೆ ನಾರುತ್ತಿತ್ತು.

"ಅವ್ವಾ, ಇದು ಪರೀಕ್ಷಾದ್ದು. ಐವತ್ತು ಮಾರ್ಕಿಂದು."

"ಹರಕ ಸಾಣಿಗಿಗೆ ಐವತ್ತು ಮಾರ್ಕ! ಹಂಗಾದ್ರ ನಮ್ಮ ಹಿತ್ತಲಕ್ಕ ನೂರು ಕೊಡಬೇಕಲ್ಲ ನಿಮ್ಮ ಮಾಸ್ತರು!"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಬೀರವ್ವ ಕಿಸಕ್ಕನೆ ನಕ್ಕಳು. ನಕ್ಕವಳೇ ಎದ್ದು, ಮುರಿದ ಮೊರವೊಂದನ್ನು ತಂದು ಸಾವಕ್ಕನ ಗುಡ್ಡೆಗೆ ಸೇರಿಸಿದಳು. "ಇದನ್ನೂ ತಗೋ. ಇನ್ನೆರಡು ಮಾರ್ಕ ಬರಲಿ."

ಇದು ಧಾರವಾಡದ ಕಮಲಾಪುರದಲ್ಲಿ ಹಗ್ಗದ ವ್ಯಾಪಾರಿ ಹನುಮಂತಪ್ಪನ ಮನೆ. ಕಣ್ಣಿ, ಮೂಗುದಾರ, ಬಾವಿಯ ಹಗ್ಗ ಇವೇ ಅವನ ಅಂಗಡಿಯ ಸರಕು. ಮಗ ರಾಮಪ್ಪ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಆಯಿತವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಿದ್ದ. ಮಗಳು ಸಾವಕ್ಕ ಇಪ್ಪತ್ನಾಲ್ಕರವಳು. ಮಾಸ್ತರಿಕೆ ಕಲಿಸುವ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ಸಾವಿರದ ಒಂಬೈನೂರ ಮೂವತ್ತೊಂಬತ್ತನೆಯ ಇಸವಿ. ಮುಂಬಯಿ ಸರಕಾರದಲ್ಲಿ ಹೊಸ ಮಂತ್ರಿಗಳು ಬಂದು, ಹಳ್ಳಿಯ ಶಾಲೆಗಳಲ್ಲೂ ಕೈಗೆಲಸ ಕಲಿಸಬೇಕು, ಆದರೆ ಅದಕ್ಕೆ ಬಿಡಿಗಾಸು ಖರ್ಚಾಗಕೂಡದು ಎಂದು ಹುಕುಂ ಮಾಡಿದ್ದರು. ಹೀಗಾಗಿ ಚಿತ್ರಕಲೆಯ ನಿಜಾಮುದ್ದೀನ ಮಾಸ್ತರು, ಅರವತ್ತರ ಹತ್ತಿರದ ಸಣಕಲ ಮುದುಕರು, ತರಗತಿಯಲ್ಲಿ ನಿಂತು ಹೇಳಿದ್ದರು:

"ನೋಡ್ರವಾ, ಬಜಾರದಿಂದ ಒಂದು ಸೂಜಿನೂ ಕೊಳ್ಳಬಾರದು. ಮನ್ಯಾಗ ಬಿಸಾಟಿದ್ದು, ಮುರದದ್ದು, ಹರದದ್ದು ತರ್ರಿ. ಅದರಾಗ ಒಂದು ಮೂರ್ತಿ ಮಾಡ್ರಿ. ನೆಲಕ್ಕ ಇಟ್ಟರ ನಿಂದರಬೇಕು, ಮೈಮ್ಯಾಲೆ ಹಾಕ್ಕೊಂಡರ ಅದರ ಸಂಗಾಟ ನಡೀಬೇಕು. ಇನ್ನೊಂದು ಮಾತು. ಯಾವ ಸಾಮಾನು ಎಲ್ಲಿಂದ ಬಂತು, ಅದನ್ನ ಯಾರು ಯಾಕ ಬಿಸಾಟಿದ್ರು, ಪರೀಕ್ಷಾ ಮಾಡಾಕ ಬಂದ ಸಾಹೇಬರಿಗೆ ಬಾಯಿಲೇ ಹೇಳಬೇಕು. ಅದಕ್ಕ ಬ್ಯಾರೆ ಮಾರ್ಕು."

ಸಾವಕ್ಕ ಎತ್ತಿನ ತಲೆ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದಳು. ನಾಳೆ ಯಾವುದಾದರೂ ಹಳ್ಳಿಯ ಶಾಲೆಯಲ್ಲಿ ಹುಡುಗಿಯೊಬ್ಬಳು ಅದನ್ನು ತೊಟ್ಟು ಕುಣಿದರೆ ಎತ್ತಿನ ಪಾಠ ಮುಗಿದಂತೆಯೇ. ಸಾಣಿಗೆಯ ಬಳೆ ಹೆಗಲ ಮೇಲೆ ಕೂರುತ್ತಿತ್ತು. ಡಬ್ಬಿಯ ತಗಡನ್ನು ಬಗ್ಗಿಸಿ ಮುಸುಡಿ ಮಾಡಿದ್ದಳು. ಗೋಣಿತಟ್ಟಿಗೆ ಹೊಟ್ಟು ತುಂಬಿ ಕೋಡು ಹೊಲಿದಿದ್ದಳು. ಕಂದೀಲಿನ ಮುಚ್ಚಳಗಳು ಕಣ್ಣಾಗಿದ್ದವು. ಮೂಗಿಗೆ ಅಪ್ಪನ ಅಂಗಡಿಯದೇ ಮೂಗುದಾರ.

ಇಪ್ಪತ್ನಾಲ್ಕರ ಹೆಣ್ಣುಮಗಳು ತವರಿನಲ್ಲಿ ಕೂತು ಡಬ್ಬಿ ಬಗ್ಗಿಸುವುದೆಂದರೇನು, ಗಂಡನ ಮನೆ ಇಲ್ಲವೇ ಎಂದು ಓಣಿಯವರೆಲ್ಲ ಕೇಳುತ್ತಿದ್ದರು. ಇತ್ತು, ಇಲ್ಲದೇ ಏನು! ಉಪ್ಪಿನಬೆಟಗೇರಿಯ ಗುರುಶಿದ್ದಪ್ಪ, ಎರಡು ಜೋಡಿ ಎತ್ತಿನ ಕಮತದವನು, ಹದಿನಾಲ್ಕರ ಸಾವಕ್ಕನನ್ನು ಮದುವೆಯಾಗಿ ನಾಲ್ಕು ವರ್ಷ ಬಾಳಿಸಿದ್ದ. ಮಕ್ಕಳಾಗಲಿಲ್ಲ. ಒಂದು ಶ್ರಾವಣದಲ್ಲಿ, ಎಲ್ಲ ಹೆಣ್ಣುಮಕ್ಕಳನ್ನೂ ಕಳಿಸುವಂತೆ, ಪಂಚಮಿ ಹಬ್ಬಕ್ಕೆಂದು ತವರಿಗೆ ಕಳಿಸಿದ. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದೊಯ್ಯುವುದು ನಾಡಿನ ಪದ್ಧತಿ. ಸಾವಕ್ಕನನ್ನು ಕರೆಯಲು ಯಾರೂ ಬರಲಿಲ್ಲ. ದೀಪಾವಳಿಗೆ ಸುದ್ದಿ ಬಂತು, ಅವನು ಇನ್ನೊಂದು ಮದುವೆ ಮಾಡಿಕೊಂಡನಂತೆ. ಹೇಳಿ ಕಳಿಸುವಷ್ಟು ಮರ್ಯಾದೆಯೂ ಅವನಿಗಿರಲಿಲ್ಲ, ಅದೆಂಥ ಗಂಡಸೋ! ಆಮೇಲೆ ಐದು ಪಂಚಮಿ ಬಂದು ಹೋದವು. ಒಂದು ಕುಬಸದ ಬಟ್ಟೆ ಬರಲಿಲ್ಲ, ಬದುಕಿದ್ದಾಳೋ ಸತ್ತಳೋ ಎಂದು ಕೇಳುವ ಒಂದು ಮಾತೂ ಬರಲಿಲ್ಲ. ಸಾವಕ್ಕ ಅತ್ತು ಅತ್ತು ಸಾಕಾಗಿ ಪುಸ್ತಕ ಹಿಡಿದಳು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟಿ ಪಾಸಾದಳು, ಟ್ರೇನಿಂಗಿಗೆ ಸೇರಿದಳು.

ಆದರೆ ಮನೆಯ ನಡುತೊಲೆಗೆ ಅವಳ ಬಾಸಿಂಗ ಇನ್ನೂ ತೂಗುತ್ತಿತ್ತು. ಮದುವೆಯಲ್ಲಿ ಮದುಮಗಳ ಹಣೆಗೆ ಕಟ್ಟಿದ ಬಾಸಿಂಗವನ್ನು, ಬೆಂಡು ಬೇಗಡೆಯದಾದರೂ, ಆ ಮನೆತನದವರು ಬಿಸಾಡುತ್ತಿರಲಿಲ್ಲ. ಮದುವೆ ನಡೆದ ಮನೆಯ ತೊಲೆಗೆ ಕಟ್ಟಿ ಕಾಪಾಡುತ್ತಿದ್ದರು. ರುಕ್ಮವ್ವ ಅಮಾವಾಸ್ಯೆಗೊಮ್ಮೆ ಅದರ ಧೂಳು ಜಾಡಿಸಿ ಲೋಬಾನದ ಹೊಗೆ ಹಾಕುತ್ತಿದ್ದಳು. ಮಗಳ ಸಂಸಾರದಲ್ಲಿ ಉಳಿದದ್ದು ಅದೊಂದೇ ಅಲ್ಲವೇ, ಅದನ್ನಾದರೂ ಕಾಯಬೇಕೆಂದು ಅವಳ ಹಟ.

ಯುಗಾದಿ ಹದಿನೈದು ದಿನ ಇದೆ ಎನ್ನುವಾಗ ಉಪ್ಪಿನಬೆಟಗೇರಿಯಿಂದ ಶಾಂತಯ್ಯನವರು ಬಂದರು. ಎರಡೂ ಮನೆಗಳಿಗೆ ಬೇಕಾದ ಹಿರಿಯರು, ಈ ಮದುವೆ ಕೂಡಿಸಿದವರೂ ಅವರೇ. ಕೈಕಾಲು ತೊಳೆದು ಮಣೆಯ ಮೇಲೆ ಕೂತರು. ರುಕ್ಮವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಬಡಿಸಿದಳು. ಶಾಂತಯ್ಯ ನಾಲ್ಕು ರೊಟ್ಟಿ ಮುಗಿಸಿದ ಮೇಲೆ ಮಾತು ತೆಗೆದರು.

"ಹನುಮಂತಪ್ಪ, ಶುಭ ಸುದ್ದಿ ತಂದೇನಿ. ಅಳಿಯಾರು ಸಾವಕ್ಕನ್ನ ಕರಕೊಂಡು ಹೋಗಾಕ ತಯಾರ ಅದಾರ."

ರುಕ್ಮವ್ವನ ಕೈಯಲ್ಲಿದ್ದ ಮೊಸರಿನ ಸೌಟು ಅಲ್ಲಿಯೇ ನಿಂತಿತು. "ಖರೇ ಏನ್ರೀ ಅಯ್ಯಾರ? ದೇವರು ಕಣ್ಣು ಬಿಟ್ಟನ್ರೀ!"

"ಸಣ್ಣಾಕಿಗೆ ದಿನಾ ತುಂಬಾಕತ್ತಾವ. ಏಳಾಕ ಆಗವಲ್ಲದು, ಕೂಡಾಕ ಆಗವಲ್ಲದು. ಮನ್ಯಾಗ ನಾಕು ಹೈನದ ಎಮ್ಮಿ ಅದಾವ. ಆಳಿನವರ ಬುತ್ತಿ ಐತಿ. ಹಿರೇ ಹೆಂಡ್ತಿ ಬಂದು ಮನಿ ಹಿಡೀಬೇಕು ಅಂತ ಅಳಿಯಾರ ಮನಸಿಗೆ ಬಂದೈತಿ. ಎಷ್ಟಂದ್ರೂ ಹಕ್ಕಿನಾಕಿ ಆಕೀನ ಅಲ್ಲೇನು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಾವಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರ ಮುಂದೆ ಬರಬಾರದೆಂಬುದು ನೆನಪಿದ್ದರೂ ಬಂದೇಬಿಟ್ಟಳು.

"ಅಯ್ಯಾರ, ಹೆಂಡ್ತಿನ ಕರಿಯಾಕ ಬಂದೀರೋ, ಬಾಣಂತಿ ಕೆಲಸಕ್ಕ ಆಳು ನೋಡಾಕ ಬಂದೀರೋ?"

"ಸಾವಕ್ಕಾ! ಒಳಗ ನಡಿ!" ಹನುಮಂತಪ್ಪ ಗುಡುಗಿದ.

"ನಡೀತೇನಿ ಯಪ್ಪಾ. ಆದರ ನಾ ಹೋಗೂದಿಲ್ಲ, ಅದನ್ನ ಅಯ್ಯಾರಿಗೆ ಹೇಳಿ ಕಳಸ್ರಿ."

ಶಾಂತಯ್ಯ ನಕ್ಕು ಮೊಸರಿಗೆ ಉಪ್ಪು ಕಲಸಿಕೊಂಡರು. "ಹೆಣ್ಣುಹುಡುಗ್ರು ಮೊದಲಿಗೆ ಹಂಗ ಅಂತಾರ, ಬಿಡು. ಯುಗಾದಿ ಮರುದಿನ ಚಕ್ಕಡಿ ತಗೊಂಡು ಬರತಾರ. ಬುತ್ತಿ ಕಟ್ಟಿಡ್ರಿ."

ಅವರು ಹೋದ ಮೇಲೆ ಸಾವಕ್ಕ ಅಪ್ಪನೆದುರು ಮತ್ತೆ ನಿಂತಳು. "ಯುಗಾದಿ ಮುಂದ ಎಂಟು ದಿನಕ್ಕ ನನ್ನ ಬರಿಯೂ ಪರೀಕ್ಷಾ ಅದಾವು. ಎರಡು ವರ್ಷ ಓದೇನಿ. ಪಾಸಾದ್ರ ನನ್ನ ಹೊಟ್ಟಿ ನಾ ಹೊರಕೋತೇನಿ. ಯಾರ ಮನಿ ಸಗಣಿನೂ ನಾ ಬಳಿಯೂದಿಲ್ಲ."

ಹನುಮಂತಪ್ಪ ಸೊಸೆಯ ಕಡೆ ತಿರುಗಿದ. "ಬೀರವ್ವಾ, ಸಾವಕ್ಕನ ಇರಕಲ್ಲ ಸೀರಿ ತಗದು ಬಿಸಿಲಿಗೆ ಹಾಕು."

"ನಾ ಏನಂದೆ ಕೇಳಿಸ್ತೋ ಇಲ್ಲೋ? ನಾ ಹೋಗೂದಿಲ್ಲ."

"ಟ್ರಂಕಿನ ಕೀಲಿ ಎಲ್ಲೈತಿ ನೋಡು, ರುಕ್ಮವ್ವ."

ಹೀಗೇ ನಡೆಯಿತು ನಾಲ್ಕು ದಿನ. ಅವಳು ಹೋಗುವುದಿಲ್ಲ ಎನ್ನುವಳು, ಅವರು ಸೀರೆ, ಟ್ರಂಕು, ಬುತ್ತಿಗೆ ಉಂಡಿ ಕಟ್ಟುವ ಮಾತಾಡುವರು. ಬೈದರೆ ತಿರುಗಿ ಬೈಯಬಹುದಿತ್ತು, ಹೊಡೆದರೆ ಅಳಬಹುದಿತ್ತು. ಕೇಳದವರ ಹತ್ತಿರ ಏನು ಮಾಡುವುದು? ಆಯಿತವಾರ ಬಂದ ಅಣ್ಣ ರಾಮಪ್ಪನನ್ನು ಹಿಡಿದುಕೊಂಡಳು. ಅವನು ಸಾರಿನ ಬಟ್ಟಲಿನಿಂದ ಮುಖ ಎತ್ತದೆ, "ಅಪ್ಪ ಇರೂತನಕ ನಾ ನಡಕ ಬಾಯಿ ಹಾಕೂದಿಲ್ಲ ತಂಗಿ" ಎಂದು, ಊಟ ಮುಗಿಸಿ ಸಂಜೆಯ ರೇಲ್ವೆಗೆ ಹುಬ್ಬಳ್ಳಿಗೆ ಹೋಗಿಬಿಟ್ಟ. ನಡುವೆ ಬಾಯಿ ಹಾಕದೆ ಹೆಂಗಸರಿಗೆ ಉಪಕಾರ ಮಾಡಿದೆನೆಂದು ತಿಳಿದುಕೊಂಡೇ ಹೋದನೆಂದು ಕಾಣುತ್ತದೆ.

ಕಡೆಗೊಂದು ಮಧ್ಯಾಹ್ನ ಸಾವಕ್ಕ ಅಪ್ಪ ಅಂಗಡಿಗೆ ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ಅವ್ರ ಮನಿ ಜೋಡಿ ನನಗ ಯಾವ ಸಂಬಂಧ ಉಳದೈತಿ, ಅದನ್ನರ ಹೇಳಿ ಹೋಗ್ರಿ."

ಹನುಮಂತಪ್ಪ ತಲೆಯೆತ್ತಿ ನಡುತೊಲೆಯನ್ನು ತೋರಿಸಿದ. "ಅದು ಕಾಣತೈತೇನು? ಆ ಬಾಸಿಂಗ ಆ ತೊಲಿಗೆ ಇರೂತನಕ ನೀ ಆ ಮನಿ ಸೊಸಿ. ಅದರ ಮುಂದ ನಿನ್ನ ಮಾತೂ ಇಲ್ಲ, ನನ್ನ ಮಾತೂ ಇಲ್ಲ. ಸರಿ ಆಚಿಗೆ."

ಸಾವಕ್ಕ ಸರಿದಳು. ಅಪ್ಪ ಹೋದ ಮೇಲೆ ಬಹಳ ಹೊತ್ತು ತೊಲೆಯನ್ನೇ ನೋಡುತ್ತ ನಿಂತಳು. ಮೂರು ಬೆಂಡಿನ ಹೂವು, ಒಂದಿಷ್ಟು ಮಾಸಿದ ಬೇಗಡೆ, ಎರಡು ದಾರ. ಇದು ಮಾತಾಡುತ್ತದೆ, ತಾನು ಮಾತಾಡಿದರೆ ಕೇಳಿಸುವುದಿಲ್ಲ!

ಕೈಗೆಲಸದ ಪರೀಕ್ಷೆ ಯುಗಾದಿ ಅಮಾವಾಸ್ಯೆಯ ದಿನ. ಹಿಂದಿನ ದಿನವಷ್ಟೇ ನಿಜಾಮುದ್ದೀನ ಮಾಸ್ತರು ಎತ್ತಿನ ತಲೆಯನ್ನು ಸುತ್ತಲೂ ನೋಡಿ, "ಛಲೋ ಆಗೇತಿ ಬೇಟಿ, ಆದರ ಹಣಿ ಬರೇ ಐತಲ್ಲ" ಎಂದಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ರುಕ್ಮವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಸಾವಕ್ಕ ಕಾಳಿನ ಚೀಲದ ಮೇಲೆ ಹತ್ತಿ ಬಾಸಿಂಗದ ದಾರ ಬಿಚ್ಚಿದಳು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎತ್ತಿನ ತಲೆಯನ್ನು ಹೊತ್ತು ಕಾಲೇಜಿಗೆ ನಡೆದಳು. ಒಲೆಯ ಬೂದಿ ತೆಗೆಯುತ್ತಿದ್ದ ಬೀರವ್ವ ಅವಳು ಹೊರಟದ್ದನ್ನಷ್ಟೇ ನೋಡಿದಳು.

ಕಾಲೇಜಿನ ದೊಡ್ಡ ಕೋಣೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬಳು ಹರಿದ ಚಾಪೆಯ ಕವಚ ತೊಟ್ಟಿದ್ದಳು. ಇನ್ನೊಬ್ಬಳ ತಲೆಯ ಮೇಲೆ ಕಸಬರಿಗೆ ಕಡ್ಡಿಯ ನವಿಲು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಸಾವಕ್ಕ ಎತ್ತಿನ ತಲೆಯನ್ನು ನೆಲಕ್ಕಿಟ್ಟು ನಿಲ್ಲಿಸಿ ತೋರಿಸಿದಳು, ಆಮೇಲೆ ತೊಟ್ಟು ಹತ್ತು ಹೆಜ್ಜೆ ನಡೆದಳು. ಮೂಗುದಾರ ಎದೆಯ ಮೇಲೆ ಇಳಿಬಿದ್ದಿತ್ತು. ಹಣೆಯ ಮೇಲೆ ಬಾಸಿಂಗ ಮಿಣುಗುತ್ತಿತ್ತು.

"ಸಾಣಿಗೆ?"

"ನಮ್ಮ ವೈನಿದು, ಅಣ್ಣನ ಹೆಂಡ್ತೀದು. ತಳಾ ಹರೀತು, ಬಿಸಾಟಿದ್ರು."

"ಮೂಗುದಾರ?"

"ನಮ್ಮಪ್ಪನ ಅಂಗಡೀದು. ಅಳತಿಗೆ ಕಡಿಮಿ ಬಿತ್ತು, ಬಿಸಾಟಿದ್ರು."

"ಕಾರಹುಣ್ಣಿಮೆಗೆ ಎತ್ತಿಗೆ ಬಾಸಿಂಗ ಕಟ್ಟುವುದುಂಟು, ಚೆನ್ನಾಗಿ ಹೊಳೆದಿದೆ ನಿಮಗೆ. ಇದನ್ನು ಯಾಕೆ ಬಿಸಾಡಿದ್ದರು?"

ತಗಡಿನ ಮುಸುಡಿಯೊಳಗೆ ಸಾವಕ್ಕನ ಮುಖ ಯಾರಿಗೂ ಕಾಣುತ್ತಿರಲಿಲ್ಲ.

"ಇದನ್ನ ಬಿಸಾಟಿಲ್ರೀ ಸಾಹೇಬ್ರ. ಇದನ್ನ ತೊಲಿಗೆ ಕಟ್ಟಿ ಧೂಪ ಹಾಕತಿದ್ರು. ಬಿಸಾಟಿದ್ದು ನನ್ನ."

ಪರೀಕ್ಷಕರು ಕಾಗದದ ಮೇಲೆ ಏನೋ ಬರೆದುಕೊಂಡು ಮುಂದೆ ಸರಿದರು. ನಿಜಾಮುದ್ದೀನ ಮಾಸ್ತರು ಎತ್ತಿನ ಕೋಡಿಗೆ ನಂಬರಿನ ಚೀಟಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಪರೀಕ್ಷೆಗೆ ಇಟ್ಟ ವಸ್ತುವನ್ನು ಫಲಿತಾಂಶ ಬರುವವರೆಗೆ ಮರಳಿ ಕೊಡುವಂತಿರಲಿಲ್ಲ. ಎಲ್ಲವನ್ನೂ ಕಪಾಟಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದರು.

ಸಾವಕ್ಕ ಓಣಿಯ ತಿರುವಿಗೆ ಬಂದಾಗಲೇ ಅಳುವ ದನಿ ಕೇಳಿಸಿತು. ಮನೆಯ ಮುಂದೆ ಹತ್ತು ಹನ್ನೆರಡು ಹೆಂಗಸರು. ಪಡಸಾಲೆಯಲ್ಲಿ ರುಕ್ಮವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. "ನನ್ನ ಅಳಿಯಾ! ಎಳೀ ವಯಸ್ಸಿನ್ಯಾಗ ಹೋಗಿಬಿಟ್ಟ್ಯೋ ನನ್ನಪ್ಪಾ!"

"ಯಾರು ಹೋದ್ರವ್ವಾ?"

ಪಕ್ಕದ ಮನೆಯ ದೇವಕ್ಕ ಸಾವಕ್ಕನ ಕೈ ಹಿಡಿದುಕೊಂಡಳು. "ಗಟ್ಟಿಯಾಗು ತಂಗಿ. ನಿಮ್ಮವ್ವ ಲೋಬಾನ ಹಾಕಾಕ ಹೋದ್ರ ತೊಲಿಮ್ಯಾಲೆ ಬಾಸಿಂಗನ ಇಲ್ಲ. ತಾನಾಗಿ ಮಾಯಾ ಆಗೇತಿ. ಗಂಡಗ ಏನರ ಆಗದ ಬಾಸಿಂಗ ಹಂಗ ಹೋಗೂದಿಲ್ಲಂತ. ನಿಮ್ಮಪ್ಪ ಅಂಗಡಿ ಹಮಾಲ ದ್ಯಾಮಣ್ಣನ್ನ ಮಧ್ಯಾಹ್ನದ ಮೋಟಾರಕ್ಕ ಉಪ್ಪಿನಬೆಟಗೇರಿಗೆ ಕಳಿಸ್ಯಾನ, ಮಣ್ಣು ಎಷ್ಟೊತ್ತಿಗೆ ಅಂತ ಕೇಳಿಕೊಂಡು ಬಾ ಅಂತ."

ಸಾವಕ್ಕನಿಗೆ ಮೊದಲು ನಗು ಬಂತು, ಆಮೇಲೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರೇ ಬಂತು. ಅವನು ಇನ್ನೊಬ್ಬಳನ್ನು ತಂದ ದಿನ ಈ ಮನೆಯಲ್ಲಿ ಯಾರೂ ಹೀಗೆ ಅತ್ತಿರಲಿಲ್ಲ. ತನಗಾಗಿ ಒಬ್ಬ ಆಳು ಒಂದು ಮೋಟಾರು ಹತ್ತಿರಲಿಲ್ಲ.

"ಅಳಬ್ಯಾಡವ್ವಾ. ಯಾರೂ ಸತ್ತಿಲ್ಲ. ಬಾಸಿಂಗ ನಾನ ಬಿಚ್ಚಿದೆ. ಪರೀಕ್ಷಾಕ್ಕ ಬೇಕಾಗಿತ್ತು."

ಅಳು ನಿಂತಿತು. ರುಕ್ಮವ್ವ ಬಾಯಿ ತೆರೆದವಳು ಮುಚ್ಚಲಿಲ್ಲ. "ಪರೀಕ್ಷಾಕ್ಕ?"

"ಎತ್ತಿನ ಹಣಿಗೆ ಕಟ್ಟಿದೆ."

ಆಮೇಲಿನದು ಕೇಳಬೇಡಿ. ರುಕ್ಮವ್ವ ಗೋಡೆಗೆ ಹಣೆ ಚಚ್ಚಿಕೊಂಡಳು. ಅಂಗಡಿಯಿಂದ ಓಡಿ ಬಂದ ಹನುಮಂತಪ್ಪ ಕೈ ಎತ್ತಿದ. ಬೀರವ್ವ ನಡುವೆ ಬಂದು ನಿಂತದ್ದರಿಂದ ಆ ಪೆಟ್ಟು ಅವಳ ಹೆಗಲಿಗೆ ಬಿತ್ತು. "ಬಡೀರಿ ಮಾವಾರ," ಎಂದಳು ಬೀರವ್ವ, "ಆದರ ಮೊದಲ ದ್ಯಾಮಣ್ಣನ್ನ ತಿರುಗಿ ಕರಸ್ರಿ. ಬದುಕಿದ್ದವರ ಮನಿಗೆ ಮಣ್ಣಿನ ಸುದ್ದಿ ಕೇಳಾಕ ಹೋಗ್ಯಾನ." ಆದರೆ ಮೋಟಾರು ಹೋಗಿ ಎರಡು ತಾಸಾಗಿತ್ತು.

ಯುಗಾದಿಯ ದಿನ ಹೋಳಿಗೆಯ ಎಸರು ಇಳಿಸುವ ಹೊತ್ತಿಗೆ ಚಕ್ಕಡಿ ಬಂದು ನಿಂತಿತು. ಗುರುಶಿದ್ದಪ್ಪ, ಅವನ ಹಿಂದೆ ಶಾಂತಯ್ಯ, ಅವರ ಹಿಂದೆ ತಲೆ ತಗ್ಗಿಸಿದ ದ್ಯಾಮಣ್ಣ. ಗುರುಶಿದ್ದಪ್ಪ ಜೋಡು ಕಳಚದೆ ಪಡಸಾಲೆಗೆ ಹತ್ತಿದ.

"ಮಾವಾರ, ವರುಷದ ಹಬ್ಬದ ಹಿಂದಿನ ದಿನಾ ನನ್ನ ಹೆಣಾ ನೋಡಾಕ ಆಳು ಕಳಸ್ತೀರೇನು? ಊರ ಕಟ್ಟಿಮ್ಯಾಲೆ ಕುಂತಾಗ ನಿಮ್ಮ ಹಮಾಲ ಬಂದು 'ಗುರುಶಿದ್ದಪ್ಪನವರ ಮಣ್ಣು ಯಾವಾಗ' ಅಂತ ನನ್ನನ್ನ ಕೇಳತಾನ! ಊರ ಮಂದಿ ನಗೂದು ನಿಂತಿಲ್ಲ!"

ಹನುಮಂತಪ್ಪ ಅಳಿಯನ ಮುಂದೆ ಕೈ ಜೋಡಿಸಿದ. ರುಕ್ಮವ್ವ ಕಾಲಿಗೆ ನೀರು ಕೊಟ್ಟು, ಬೇವು ಬೆಲ್ಲ ಕೊಟ್ಟು, ಹೋಳಿಗೆ ತುಪ್ಪ ಬಡಿಸಿ, ಆದದ್ದನ್ನೆಲ್ಲ ಹೇಳಿದಳು. ಗುರುಶಿದ್ದಪ್ಪ ಉಣ್ಣುತ್ತಲೇ ಸಿಟ್ಟಾದ, ಸಿಟ್ಟಾಗುತ್ತಲೇ ಉಂಡ. ಸಾವಕ್ಕ ಎದುರಿಗೇ ಕಂಬಕ್ಕೆ ಒರಗಿ ನಿಂತಿದ್ದಳು. ಐದು ವರ್ಷದ ಮೇಲೆ ಕಂಡ ಹೆಂಡತಿಯ ಕಡೆ ಅವನು ಒಮ್ಮೆ ನೋಡಿದ. ಹೇಗಿದ್ದೀ ಎಂದು ಕೇಳಲಿಲ್ಲ. "ಕೈಕಾಲು ಗಟ್ಟಿ ಅದಾವಲ್ಲ?" ಎಂದು ಅತ್ತೆಯನ್ನು ಕೇಳಿದ.

"ನಾ ಇಲ್ಲೇ ಅದೇನಿ, ನನ್ನ ಕೇಳ್ರಿ," ಅಂದಳು ಸಾವಕ್ಕ. "ನಾ ನಿಮ್ಮ ಮನಿಗೆ ಬರೂದಿಲ್ಲ."

ಗುರುಶಿದ್ದಪ್ಪ ಎರಡನೆಯ ಹೋಳಿಗೆ ಮುರಿದ. "ಮೊದಲ ಆ ಬಾಸಿಂಗ ತರಸ್ರಿ ಮಾವಾರ. ನಮ್ಮ ಕಣ್ಣ ಮುಂದ ತೊಲಿಗೆ ಕಟ್ಟ್ರಿ. ಆಮ್ಯಾಲೆ ಚಕ್ಕಡಿ ಹತ್ತಸ್ತೇನಿ."

ಹನುಮಂತಪ್ಪ ಕಾಲೇಜಿಗೆ ಓಡಿದ. ಹಬ್ಬದ ರಜೆ, ಬಾಗಿಲು ಹಾಕಿತ್ತು. ನಿಜಾಮುದ್ದೀನ ಮಾಸ್ತರ ಮನೆ ಹುಡುಕಿಕೊಂಡು ಹೋದ. ಮಾಸ್ತರು ಖುರ್ಚಿ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟು, "ಮುದ್ರಿ ಬಿದ್ದದ್ದನ್ನ ಕಲೆಕ್ಟರ ಸಾಹೇಬ್ರು ಬಂದ್ರೂ ನಾ ತಗಿಯಾಂಗಿಲ್ರೀ. ಫಲಿತಾಂಶ ಆಗೂತನಕ ತಡೀರಿ" ಎಂದರಂತೆ. ಬರಿಗೈಯಲ್ಲಿ ಬಂದ ಮಾವನನ್ನು ನೋಡಿ ಗುರುಶಿದ್ದಪ್ಪ ಎದ್ದು ಕೈ ಒರೆಸಿಕೊಂಡ.

"ಬಾಸಿಂಗ ಬಿಚ್ಚಿದ ಹೆಂಡ್ತಿನ ಮನ್ಯಾಗ ತಂದಿಟ್ಟುಕೊಂಡ್ರ ನನಗ ಕೇಡು. ಇಂಥಾಕಿ ಸದ್ಯಾಕ ಬ್ಯಾಡ. ಅದು ತಿರುಗಿ ತೊಲಿಗೆ ಬಂದ ದಿನಾ ಹೇಳಿ ಕಳಸ್ರಿ."

ಚಕ್ಕಡಿ ಬಂದ ದಾರಿಯಲ್ಲೇ ಹೋಯಿತು. ಬೀರವ್ವ ಸಾವಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೆನ್ನು ತಟ್ಟಿದಳು. "ಭಾಳ ಶಾಣ್ಯಾಕಿ ಅದಿ! ಹೆಂಗ ಆಟಾ ಹೂಡಿ ಗೆದ್ದಿ!"

"ನಾ ಎಲ್ಲಿ ಗೆದ್ದೆ ವೈನಿ?" ಸಾವಕ್ಕ ಕೈ ಕೊಸರಿಕೊಂಡಳು. "ಹದಿನೈದು ದಿನಾ ಹೋಗೂದಿಲ್ಲ, ಹೋಗೂದಿಲ್ಲ ಅಂತ ಒದರಿದೆ. ಒಬ್ಬರ ಕಿವಿಗೂ ಬೀಳಲಿಲ್ಲ. ಮೂರು ಬೆಂಡಿನ ಹೂವು ಇಲ್ಲ ಅಂದಕೂಡಲೇ ಎದ್ದು ಹೋದ. ನನ್ನ ಬಾಯಿಗೆ ಒಂದು ಬೆಂಡಿನಷ್ಟೂ ಕಿಮ್ಮತ್ತು ಇಲ್ಲಂದ್ರ ಅದು ಎಂಥಾ ಗೆಲುವು?"



ಆಮೇಲೆ ಎರಡು ತಿಂಗಳು ಆ ಮನೆಯಲ್ಲಿ ಸಾವಕ್ಕನ ಜೊತೆ ಬೀರವ್ವನನ್ನು ಬಿಟ್ಟು ಯಾರೂ ನೆಟ್ಟಗೆ ಮಾತಾಡಲಿಲ್ಲ. ರುಕ್ಮವ್ವ ರೊಟ್ಟಿಯನ್ನು ತಾಟಿಗೆ ಎಸೆದು ಹೋಗುತ್ತಿದ್ದಳು. ಸಾವಕ್ಕ ನಸುಕಿನಲ್ಲೆದ್ದು ನೀರು ತುಂಬಿ, ಸಗಣಿ ಬಳಿದು, ಹಿಟ್ಟು ಬೀಸಿ, ಉಳಿದ ಹೊತ್ತಿನಲ್ಲಿ ಓದಿ ಪರೀಕ್ಷೆ ಬರೆದಳು. ಮೇ ತಿಂಗಳ ಕಡೆಗೆ ಫಲಿತಾಂಶ ಬಂತು. ಪಾಸಾಗಿದ್ದಳು. ಕೈಗೆಲಸಕ್ಕೆ ಐವತ್ತಕ್ಕೆ ನಲವತ್ತಾರು. ಅಮ್ಮಿನಬಾವಿಯ ಹೆಣ್ಣುಮಕ್ಕಳ ಶಾಲೆಗೆ ಜೂನಿನಿಂದ ಹಾಜರಾಗಬೇಕೆಂಬ ಹುಕುಮಿನ ಕಾಗದವೂ ಬಂತು.

ಅದನ್ನು ಕೇಳಿ ಹನುಮಂತಪ್ಪ ಹಿಗ್ಗಿದ. ಯಾಕೆ ಗೊತ್ತೇ? ಫಲಿತಾಂಶ ಬಂದ ಮೇಲೆ ಕಪಾಟಿನ ಕೋಣೆ ತೆರೆಯುತ್ತಾರಲ್ಲ, ಅದಕ್ಕೆ. ಆ ದಿನವೇ ಉಪ್ಪಿನಬೆಟಗೇರಿಗೆ ಹೇಳಿ ಕಳಿಸಿದ. ಅಲ್ಲಿ ಸಣ್ಣಾಕೆ ಹಡೆದು ಹಾಸಿಗೆ ಹಿಡಿದಿದ್ದಳು, ಕೂಸಿಗೂ ಹೈನಕ್ಕೂ ದಿಕ್ಕಿರಲಿಲ್ಲ. ಸೋಮವಾರ ಬೆಳಿಗ್ಗೆಯೇ ಚಕ್ಕಡಿ ಹೂಡಿಕೊಂಡು ಗುರುಶಿದ್ದಪ್ಪ, ಶಾಂತಯ್ಯ ಇಬ್ಬರೂ ಬಂದು ಕೂತರು. ಸಾವಕ್ಕ ಬಾಸಿಂಗ ತರಲು ಕಾಲೇಜಿಗೆ ಹೋಗಿದ್ದಳು.

"ಅಯ್ಯೋ, ಆಕಿ ಬಾಸಿಂಗ ತರೂದಿಲ್ಲ ನೋಡ್ರಿ," ಎಂದು ರುಕ್ಮವ್ವ ಕಣ್ಣೊರೆಸಿಕೊಂಡಳು. "ಸುಟ್ಟು ಹಾಕ್ಯಾಳೋ ಏನೋ."

ಬೀರವ್ವನೂ ಹಾಗೇ ತಿಳಿದಿದ್ದಳು. ಹೋಗುವಾಗ ಸಾವಕ್ಕನ ಕಿವಿಯಲ್ಲಿ, "ಸಾಧನಕೇರಿ ಕೆರಿಯಾಗ ಒಗದು ಬಾ" ಎಂದು ಹೇಳಿಯೂ ಕಳಿಸಿದ್ದಳು. ಆದರೆ ಸಾವಕ್ಕ ಕಾಲೇಜಿನಿಂದ ನೆಟ್ಟಗೆ ಮನೆಗೆ ಬಂದಳು. ಸೆರಗಿನಿಂದ ಬಾಸಿಂಗ ತೆಗೆದು ಅಪ್ಪನ ಮುಂದೆ ಮಣೆಯ ಮೇಲೆ ಇಟ್ಟಳು. ಒಂದು ಹೂವೂ ಮುರಿದಿರಲಿಲ್ಲ.

"ತಗೋರಿ ಯಪ್ಪಾ. ಕಟ್ಟ್ರಿ."

ಬೀರವ್ವನ ಮುಖ ಕಪ್ಪಿಟ್ಟಿತು. ಹನುಮಂತಪ್ಪನ ಮುಖ ಅರಳಿತು. "ನನ್ನ ಮಗಳು! ಕಡೀಕರ ಬುದ್ಧಿ ಬಂತು ನೋಡ್ರಿ ಅಯ್ಯಾರ!" ಎಂದು ಕಾಳಿನ ಚೀಲ ಎಳೆದು ಅದರ ಮೇಲೆ ಹತ್ತಿದ. ರುಕ್ಮವ್ವ ಕೆಳಗಿನಿಂದ ಕೈ ಕೊಟ್ಟಳು. ಶಾಂತಯ್ಯ ಬಲಕ್ಕೆ ತುಸು, ಎಡಕ್ಕೆ ತುಸು ಎಂದು ಹೇಳಿದರು. ಗುರುಶಿದ್ದಪ್ಪ ರುಮಾಲು ಸರಿಮಾಡಿಕೊಂಡು, "ಲಗೂ ತಯಾರಾಗು, ಬಿಸಿಲೇರತೈತಿ" ಎಂದ.

"ಗಟ್ಟಿ ಆತೇನ್ರಿ ಗಂಟು?" ಸಾವಕ್ಕ ಕೇಳಿದಳು.

"ಹೂಂ. ಇನ್ನ ಬಿಚ್ಚಾಂಗಿಲ್ಲ," ಎಂದ ಹನುಮಂತಪ್ಪ ಮೇಲಿನಿಂದಲೇ.

"ಹಂಗಾದ್ರ ಈಗ ಕೇಳ್ರಿ ಗುರುಶಿದ್ದಪ್ಪನವರ."

ರುಕ್ಮವ್ವ "ಅಯ್ಯ ಶಿವನ!" ಎಂದು ಕಿವಿ ಮುಚ್ಚಿಕೊಂಡಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತಂದದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಸಾವಕ್ಕನ ದನಿ ಏರಿರಲಿಲ್ಲ, ತರಗತಿಯಲ್ಲಿ ಪಾಠ ಹೇಳುವಷ್ಟೇ ಇತ್ತು.

"ಬಾಸಿಂಗ ತೊಲಿಗೆ ಐತಿ. ನಮ್ಮಪ್ಪ ತನ್ನ ಕೈಲೆ ಕಟ್ಟ್ಯಾನ, ನೀವ ಕಣ್ಣಿಲೆ ನೋಡೀರಿ. ಈಗ ಯಾವ ನೆಪಾನೂ ಉಳಿದಿಲ್ಲ. ನಾ ನಿಮ್ಮ ಮನಿಗೆ ಬರೂದಿಲ್ಲ. ಅವತ್ತ ಬೆಂಡು ಇಲ್ಲಂತ ಎದ್ದು ಹೋದ್ರಿ. ಇವತ್ತ ಸಾವಕ್ಕ ಒಲ್ಲೆ ಅಂದಳು ಅಂತ ಎದ್ದು ಹೋಗ್ರಿ. ಊರ ಕಟ್ಟಿಮ್ಯಾಲೆ ಕುಂತು ಹಂಗ ಹೇಳ್ರಿ, ಬ್ಯಾರೆ ಏನೂ ಹೇಳಬ್ಯಾಡ್ರಿ."

"ಹನುಮಂತಪ್ಪಾ, ಇದೇನಿದು?" ಶಾಂತಯ್ಯ ಎದ್ದು ನಿಂತರು.

"ಮಾವಾರ, ನಿಮ್ಮ ಮಗಳಿಗೆ ಹೇಳ್ರಿ!" ಗುರುಶಿದ್ದಪ್ಪ ಅರಚಿದ.

ಹನುಮಂತಪ್ಪ ಚೀಲದ ಮೇಲೆಯೇ ನಿಂತಿದ್ದ. ಒಂದು ಕೈ ಇನ್ನೂ ತೊಲೆ ಹಿಡಿದಿತ್ತು. ಒಮ್ಮೆ ಬಾಸಿಂಗ ನೋಡಿದ, ಒಮ್ಮೆ ಮಗಳನ್ನು ನೋಡಿದ. ಟ್ರಂಕು ತಾ ಎಂದು ಹೇಳಲು ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು, ಅದೂ ಮೆತ್ತಗೆ.

"ಖರೇನ ಒಲ್ಲೇನು ಮಗಳ?"

ಮದುವೆ ಮಾಡುವಾಗ ಕೇಳಿರಲಿಲ್ಲ, ಪಂಚಮಿಗೆ ಬಂದು ಕೂತಾಗ ಕೇಳಿರಲಿಲ್ಲ, ಟ್ರಂಕು ಕಟ್ಟುವಾಗಲೂ ಕೇಳಿರಲಿಲ್ಲ. ಹತ್ತು ವರ್ಷದಲ್ಲಿ ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

"ಒಲ್ಲೆ," ಅಂದಳು ಸಾವಕ್ಕ.